ಗಡಿಯ ಹಳೆಯ ಮರಗಳಿಗೆ ಲೆಕ್ಕವಿಡುವವರು ಯಾರು?

ಆಳಂದ ತಾಲ್ಲೂಕಿನ ನಕ್ಷೆಯನ್ನು ಮುಂದೆ ಹರಡಿಕೊಂಡು ಅದರ ಹೋಬಳಿಗಳ ಹೆಸರುಗಳನ್ನು ಗಟ್ಟಿಯಾಗಿ ಓದಿದರೆ ಒಂದು ವಿಶೇಷ ಕಿವಿಗೆ ಬೀಳುತ್ತದೆ. ನಿಂಬರ್ಗಾ ಎಂದೊಡನೆ ‘ನಿಂಬ’, ಅಂದರೆ ಬೇವು, ನೆನಪಾಗುತ್ತದೆ. ಮಾದನಹಿಪ್ಪರಗಾ ಎಂದೊಡನೆ ಹಿಪ್ಪೆಯ ಮರ. ಖಜೂರಿ ಎಂದೊಡನೆ ಖರ್ಜೂರ. ಧ್ವನಿಯ ಹೋಲಿಕೆಯೇ ಪ್ರಮಾಣವಲ್ಲವೆಂಬುದನ್ನು ನಾವು ಬಲ್ಲೆವು. ಊರ ಹೆಸರಿನ ಮೂಲವನ್ನು ನಿರ್ಣಯಿಸುವುದು ಶಾಸನಗಳನ್ನು ಓದಬಲ್ಲ ವಿದ್ವಾಂಸರ ಕೆಲಸವೇ ಹೊರತು ಭೌತಶಾಸ್ತ್ರದ ಅಧ್ಯಾಪಕರದಲ್ಲ. ಆದರೂ ಈ ಹೆಸರುಗಳು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಡುತ್ತವೆ. ಈ ಸೀಮೆಯಲ್ಲಿ ಇಂದು ನಿಂತಿರುವ ಬೇವುಗಳಲ್ಲಿ ಅತ್ಯಂತ ಹಳೆಯದು ಯಾವುದು? ಅದರ ಸುತ್ತಳತೆಯೆಷ್ಟು? ಎತ್ತರವೆಷ್ಟು? ವಯಸ್ಸೆಷ್ಟು?

ಈ ಪ್ರಶ್ನೆಯನ್ನು ನಾವೊಮ್ಮೆ ತರಗತಿಯಲ್ಲಿ ಕೇಳಿದೆವು. ಭೂಮಿಗೂ ಸೂರ್ಯನಿಗೂ ಇರುವ ದೂರ ಸುಮಾರು ೧೫ ಕೋಟಿ ಕಿಲೋಮೀಟರೆಂದು ತಡವರಿಸದೆ ಹೇಳಬಲ್ಲ ವಿದ್ಯಾರ್ಥಿಗಳು ಸುಮ್ಮನೆ ಕುಳಿತರು. ತಪ್ಪು ಅವರದಲ್ಲ. ಸೂರ್ಯನ ದೂರ ಪುಸ್ತಕದಲ್ಲಿದೆ. ತಮ್ಮ ಊರ ಬೇವಿನ ಅಳತೆ ಯಾವ ಪುಸ್ತಕದಲ್ಲಿಯೂ ಇಲ್ಲ. ಅದನ್ನು ಬರೆದಿಡತಕ್ಕವರು ಯಾರು ಎಂಬುದೇ ಈ ಲೇಖನದ ವಿಷಯ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಗಡಿಸೀಮೆಯ ಹಳೆಯ ಮರಗಳ ಲೆಕ್ಕವನ್ನು ಅಲ್ಲಿನ ಶಾಲಾಕಾಲೇಜುಗಳೇ ಇಡಬೇಕು. ಇದು ದೇಶಾಭಿಮಾನದ ಮಾತು ಮಾತ್ರವಲ್ಲ. ಅಳತೆಯ ಶಾಸ್ತ್ರವೇ ಹೀಗೆ ಹೇಳುತ್ತದೆಂಬುದನ್ನು ಮುಂದೆ ತೋರಿಸುತ್ತೇವೆ.

ನೆಲದ ಕಥೆ

ಮರಗಳನ್ನು ಹುಡುಕುವ ಮುನ್ನ ಅವು ನಿಂತ ನೆಲವನ್ನು ತಿಳಿಯಬೇಕು. ಆಳಂದ ಮತ್ತು ಅಫಜಲಪುರದ ಕಡೆಯ ಬಾವಿಯೊಂದರಲ್ಲಿ ಇಣಿಕಿ ನೋಡಿರಿ. ಮೇಲೆ ಕರಿಯ ಎರೆಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಗಟ್ಟಿಯಾದ ಕಪ್ಪು ಕಲ್ಲು. ಈ ಕಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದು ಪದರಪದರವಾಗಿ ಹೆಪ್ಪುಗಟ್ಟಿದ ಲಾವಾರಸ. ದಖನ್ನಿನ ಈ ಶಿಲಾಸ್ತರಗಳು ಇಂದಿಗೂ ಸುಮಾರು ೫ ಲಕ್ಷ ಚದರ ಕಿಲೋಮೀಟರುಗಳನ್ನು ಆವರಿಸಿವೆ. ಪಶ್ಚಿಮಘಟ್ಟದ ಕಡೆ ಅವುಗಳ ದಪ್ಪ ಹೆಚ್ಚು. ನಮ್ಮ ಕಡೆ ಬರುತ್ತ ತೆಳುವಾಗುತ್ತದೆ. ಇನ್ನೂ ಆಗ್ನೇಯಕ್ಕೆ ಶಹಾಬಾದ, ಚಿತ್ತಾಪುರ, ಸೇಡಂಗಳ ಕಡೆ ನಡೆದರೆ ಲಾವಾ ಮುಗಿದು, ಅದಕ್ಕಿಂತ ಎಷ್ಟೋ ಪಾಲು ಪುರಾತನವಾದ ಸುಣ್ಣಕಲ್ಲು ಮೇಲಕ್ಕೆ ಬರುತ್ತದೆ. ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದಿ ಕಲ್ಲು ಅದೇ. ಒಂದೇ ಜಿಲ್ಲೆಯೊಳಗೆ ಭೂಮಿಯ ಚರಿತ್ರೆಯ ಎರಡು ಪ್ರತ್ಯೇಕ ಅಧ್ಯಾಯಗಳನ್ನು ಕಾಲಿನಿಂದ ತುಳಿದು ನೋಡುವ ಭಾಗ್ಯ ಎಲ್ಲ ವಿದ್ಯಾರ್ಥಿಗಳಿಗೂ ಇರುವುದಿಲ್ಲ.

ಲಾವಾಶಿಲೆ ಸವೆದು ಎರೆಮಣ್ಣಾಗುತ್ತದೆ. ಈ ಮಣ್ಣಿನ ಜೇಡಿಯ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ದೊಡ್ಡ ಬಿರುಕುಗಳು ಬಾಯ್ದೆರೆಯುವುದು ಇದರಿಂದಲೇ. ಬಿರಿಯುವ ನೆಲ ಎಳೆಯ ಬೇರನ್ನು ಹರಿಯುತ್ತದೆ. ಮಳೆಗಾಲದಲ್ಲಿ ಅದೇ ನೆಲ ಬೇರಿನ ಸುತ್ತ ಬಿಗಿದುಕೊಂಡು ಗಾಳಿಯಾಡಗೊಡದು. ಆದುದರಿಂದ ತೊಗರಿ, ಜೋಳಗಳಿಗೆ ಹೇಳಿ ಮಾಡಿಸಿದಂತಿರುವ ಈ ಭೂಮಿ ದೊಡ್ಡ ಮರಗಳಿಗೆ ಅಷ್ಟು ಸುಲಭದ ನೆಲೆಯಲ್ಲ. ಜಾಲಿ, ಬನ್ನಿಗಳಂಥ ಗಟ್ಟಿಗ ಮರಗಳು ನಡುಹೊಲದಲ್ಲಿಯೂ ಬಾಳುತ್ತವೆ. ಉಳಿದಂತೆ ಹಳೆಯ ಆಲ, ಅರಳಿ, ಹುಣಸೆ, ಬೇವುಗಳನ್ನು ಕಾಣಬೇಕಾದರೆ ಹಳ್ಳದ ದಂಡೆ, ಬಾವಿಯ ಕಟ್ಟೆ, ಗುಡಿ, ದರ್ಗಾ, ಮಠಗಳ ಅಂಗಳ, ಹಳೆಯ ದಾರಿಯ ಅಂಚು ಇವುಗಳನ್ನೇ ಹುಡುಕಬೇಕು. ನೀರಿನ ಆಸರೆ ಅಥವಾ ಮನುಷ್ಯರ ಆಸರೆ, ಎರಡರಲ್ಲಿ ಒಂದಾದರೂ ಇದ್ದಲ್ಲಿ ಮಾತ್ರ ಮರ ಮುಪ್ಪನ್ನು ಕಂಡಿದೆ. ಆಳಂದ ಸೀಮೆಯ ಅಮರ್ಜಾ ಹೊಳೆ ಗಾಣಗಾಪುರದ ಬಳಿ ಭೀಮೆಯನ್ನು ಸೇರುವಲ್ಲಿ ಔದುಂಬರ ವೃಕ್ಷಕ್ಕೆ, ಅಂದರೆ ನಮ್ಮ ಅತ್ತಿಯ ಮರಕ್ಕೆ, ಸಲ್ಲುವ ಪೂಜೆ ಎರಡೂ ಆಸರೆಗಳು ಒಂದೆಡೆ ಕೂಡಿದ್ದಕ್ಕೆ ನಿದರ್ಶನ.

ಗಡಿ ಮತ್ತು ಮರ

ಆಳಂದಕ್ಕೆ ಪಶ್ಚಿಮದಲ್ಲಿ ಅಕ್ಕಲಕೋಟೆ, ಉತ್ತರದಲ್ಲಿ ಉಮರ್ಗಾ. ಎರಡೂ ಇಂದು ಮಹಾರಾಷ್ಟ್ರದ ತಾಲ್ಲೂಕುಗಳು. ಅಫಜಲಪುರದ ಕಡೆ ಭೀಮಾನದಿಯೇ ಕೆಲವು ದೂರ ಎರಡು ರಾಜ್ಯಗಳ ಎಲ್ಲೆಯಾಗಿ ಹರಿಯುತ್ತದೆ. ೧೯೪೮ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ೧೯೫೬ನೆಯ ನವೆಂಬರ್ ೧ರಂದು ಕನ್ನಡ ನಾಡಿನೊಡನೆ ಒಂದಾಯಿತು. ಆಳುವವರು ಬದಲಾದಂತೆ ಎಲ್ಲೆಗಳ ಅರ್ಥವೂ ಬದಲಾಯಿತು. ಆದರೆ ಎಲ್ಲೆಯ ಮೇಲೆ ನಿಂತ ಬೇವು ಪ್ರತಿ ವರ್ಷವೂ ಚೈತ್ರದ ಸುಮಾರಿಗೆ ಎಂದಿನಂತೆಯೇ ಹೂಬಿಟ್ಟಿತು.

ನೆಲದೊಳಗಿನ ವ್ಯಾಪಾರಗಳೂ ಗಡಿಯನ್ನು ಲೆಕ್ಕಿಸುವುದಿಲ್ಲ. ೧೯೯೩ನೆಯ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಮಡಿದರು. ಕಿಲ್ಲಾರಿ ಆಳಂದದಿಂದ ನೇರವಾಗಿ ಉತ್ತರಕ್ಕೆ ೫೦–೬೦ ಕಿಲೋಮೀಟರುಗಳಷ್ಟೇ ದೂರ. ಅಚಲವೆಂದು ಭಾವಿಸಿದ್ದ ದಖನ್ನಿನ ಪೀಠಭೂಮಿಯೂ ಅಲುಗಬಲ್ಲುದೆಂಬ ಪಾಠವನ್ನು ಎರಡು ರಾಜ್ಯಗಳ ಜನರೂ ಅಂದು ಒಟ್ಟಿಗೆ ಕಲಿತರು. ಹಿಂದಿನವರ ದಾಖಲೆಗಳು ವಿರಳವಾಗಿರುವಲ್ಲಿ ಪ್ರಕೃತಿಯ ನಡೆ ಅನಿರೀಕ್ಷಿತವಾಗಿಯೇ ತೋರುತ್ತದೆ.

ಮರಕ್ಕೂ ಎಲ್ಲೆಗೂ ಇರುವ ನಂಟು ಬಹಳ ಹಳೆಯದು. ಆಳಂದಕ್ಕೆ ನೆರೆಯದಾದ ಬಸವಕಲ್ಯಾಣ ಹಿಂದೆ ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಖ್ಯಾತ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯಲ್ಲಿ ಎಲ್ಲೆಯ ವ್ಯಾಜ್ಯಗಳಿಗಾಗಿಯೇ ಒಂದು ಪ್ರಕರಣವಿದೆ. ಎಲ್ಲೆಯನ್ನು ಗುರುತಿಸುವ ಕುರುಹುಗಳಲ್ಲಿ ಒಡ್ಡು, ಹುತ್ತ, ತಗ್ಗುಗಳೊಡನೆ ಮರವೂ ಎಣಿಕೆಗೆ ಬಂದಿದೆ. ಇದ್ದಲು ಮತ್ತು ಹೊಟ್ಟು ಕೂಡ ಬಂದಿವೆ. ಇದ್ದಲೇಕೆ? ಮಣ್ಣಿನಲ್ಲಿ ಹೂತ ಕಟ್ಟಿಗೆಯನ್ನು ಗೆದ್ದಲು ತಿನ್ನುತ್ತದೆ, ಇದ್ದಲನ್ನು ತಿನ್ನದು. ಮೇಲಿನ ಮರ ಬಿದ್ದುಹೋದರೂ ಕೆಳಗಿನ ಇದ್ದಲು ಸಾಕ್ಷಿ ಹೇಳಲೆಂಬುದೇ ಇದರ ಉದ್ದೇಶವಾಗಿರಬೇಕು. ಇಂಗಾಲದ ಸ್ಥಿರತೆಯನ್ನು ನಮ್ಮ ಹಿರಿಯರು ನ್ಯಾಯಕ್ಕಾಗಿ ಬಳಸಿದರು. ಇಂದಿನ ವಿಜ್ಞಾನಿಗಳು ಅದೇ ಇದ್ದಲನ್ನು ಕಾಲನಿರ್ಣಯಕ್ಕೆ ಬಳಸುತ್ತಾರೆ.

ವಯಸ್ಸನ್ನು ತಿಳಿಯುವ ಬಗೆ

ಹಳೆಯ ಮರದ ಮುಂದೆ ನಿಂತು ಅದರ ವಯಸ್ಸನ್ನು ವಿಚಾರಿಸಿದರೆ ಬರುವ ಉತ್ತರ ಸಾಮಾನ್ಯವಾಗಿ ಐನೂರು, ಸಾವಿರ, ಇಲ್ಲವೇ ಪಾಂಡವರ ಕಾಲ. ಭಕ್ತಿಯ ಭಾಷೆಯಲ್ಲಿ ಈ ಸಂಖ್ಯೆಗಳಿಗೆ ‘ಬಹಳ’ ಎಂದಷ್ಟೇ ಅರ್ಥ. ವಿಜ್ಞಾನದ ಭಾಷೆಯಲ್ಲಿ ಉತ್ತರ ಹೇಳುವುದು ಎಷ್ಟು ಕಷ್ಟವೆಂಬುದು ಹಲವರಿಗೆ ತಿಳಿದಿಲ್ಲ.

ಕಾಂಡದ ಉಂಗುರಗಳನ್ನು ಎಣಿಸಿದರಾಯಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಚಳಿಗಾಲದಲ್ಲಿ ಬೆಳವಣಿಗೆ ಪೂರ್ಣವಾಗಿ ನಿಲ್ಲುವ ದೇಶಗಳಲ್ಲಿ ಇದು ಸರಿ. ನಮ್ಮಲ್ಲಿ ತೇಗದಂಥ ಕೆಲವು ಮರಗಳು ಮಾತ್ರ ವರ್ಷಕ್ಕೊಂದು ಸ್ಪಷ್ಟವಾದ ಉಂಗುರವನ್ನು ಕಟ್ಟುತ್ತವೆ. ಕೇರಳದ ತೇಗದ ಉಂಗುರಗಳಿಂದ ಐದು ಶತಮಾನಗಳ ಮುಂಗಾರಿನ ಏರಿಳಿತಗಳನ್ನು ನಮ್ಮ ವಿಜ್ಞಾನಿಗಳು ಓದಿದ್ದಾರೆ. ಬೇವು, ಆಲ, ಹುಣಸೆಗಳ ಉಂಗುರಗಳನ್ನು ಹಾಗೆ ನಂಬಲಾಗದು. ಮೇಲಾಗಿ ಮುದಿ ಹುಣಸೆಯ ಒಡಲು ಎಷ್ಟೋ ವೇಳೆ ಪೊಳ್ಳಾಗಿರುತ್ತದೆ. ಅತ್ಯಂತ ಹಳೆಯ ಕಟ್ಟಿಗೆಯೇ ಅಲ್ಲಿ ಉಳಿದಿರುವುದಿಲ್ಲ.

ಆಲದ ಮರದ ಸಮಸ್ಯೆ ಇನ್ನೊಂದು ಬಗೆಯದು. ಬೆಂಗಳೂರಿನ ಸಮೀಪ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರ ಸುಮಾರು ಮೂರು ಎಕರೆಗಳಷ್ಟು ಹಬ್ಬಿದೆ. ಅದರ ತಾಯಿಬೇರು ೨೦೦೦ದ ಸುಮಾರಿನಲ್ಲಿಯೇ ರೋಗದಿಂದ ನಾಶವಾಯಿತು. ಬಿಳಲುಗಳೇ ಕಾಂಡಗಳಾಗಿ ಮರ ಇಂದಿಗೂ ಬಾಳುತ್ತಿದೆ. ಮೊದಲ ಕಾಂಡವೇ ಇಲ್ಲದ ಮರದ ವಯಸ್ಸನ್ನು ಯಾವ ಕಾಂಡದಲ್ಲಿ ಎಣಿಸುವುದು?

ಇನ್ನು ವಿಕಿರಣಶೀಲ ಇಂಗಾಲದ ವಿಧಾನ. ಗಾಳಿಯಲ್ಲಿರುವ ಇಂಗಾಲದಲ್ಲಿ ೧೪ ಪರಮಾಣುಭಾರದ ವಿಕಿರಣಶೀಲ ಪ್ರಭೇದ ಅತ್ಯಲ್ಪವಾಗಿ ಬೆರೆತಿರುತ್ತದೆ. ಮರ ತನ್ನ ಕಟ್ಟಿಗೆಯನ್ನು ಕಟ್ಟುವಾಗ ಅದೂ ಒಳಸೇರುತ್ತದೆ. ಆಮೇಲೆ ೫೭೩೦ ವರ್ಷಗಳಿಗೆ ಅರ್ಧದಷ್ಟಾಗುವಂತೆ ಕ್ಷಯಿಸುತ್ತದೆ. ಉಳಿದ ಪಾಲನ್ನು ಅಳೆದರೆ ಕಾಲ ತಿಳಿಯುತ್ತದೆ. ಆಫ್ರಿಕದ ಬಾವೊಬಾಬ್ ಮರಗಳ ಪೊಳ್ಳಿನೊಳಗಿಂದ ಚಿಕ್ಕ ಚೂರುಗಳನ್ನು ತೆಗೆದು ಹೀಗೆ ಅಳೆದಾಗ, ಕೆಲವು ಎರಡು ಸಾವಿರ ವರ್ಷಗಳನ್ನು ಮೀರಿದವೆಂದು ಗೊತ್ತಾಯಿತು. ಅದೇ ಜಾತಿಯ ಮರಗಳು ನಮ್ಮ ಸವಣೂರಿನಲ್ಲಿಯೂ ವಿಜಯಪುರದಲ್ಲಿಯೂ ಇವೆ. ಸವಣೂರಿನ ಜನ ಅವನ್ನು ‘ದೊಡ್ಡಹುಣಸೆ’ ಎನ್ನುತ್ತಾರೆ. ದೂರದ ನಾಡಿನಿಂದ ಬಂದ ಮರಕ್ಕೆ ಮನೆಯ ಹೆಸರನ್ನಿಟ್ಟು ತಮ್ಮದಾಗಿಸಿಕೊಂಡಿದ್ದಾರೆ. ಅಲ್ಲಿದ್ದ ಮೂರರಲ್ಲಿ ಒಂದು ೨೦೨೩ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಯಂತ್ರಗಳಿಂದ ಎತ್ತಿ ಮರಳಿ ನೆಟ್ಟರು. ಊರು ತಿಳಿದ ಮರಕ್ಕೆ ಸಂದ ಗೌರವ ಇದು.

ಆದರೆ ಈ ವಿಧಾನಕ್ಕೂ ಮಿತಿಯಿದೆ. ಕ್ರಿ.ಶ. ೧೬೫೦ರಿಂದೀಚೆಗೆ ಗಾಳಿಯಲ್ಲಿದ್ದ ವಿಕಿರಣಶೀಲ ಇಂಗಾಲದ ಪ್ರಮಾಣ ಏರಿಳಿದ ರೀತಿಯಿಂದಾಗಿ ಒಂದೇ ಅಳತೆಗೆ ಹಲವು ಇಸವಿಗಳು ಹೊಂದಿಕೊಳ್ಳುತ್ತವೆ. ನಮ್ಮ ಬೇವು ಹುಣಸೆಗಳಲ್ಲಿ ಹೆಚ್ಚಿನವು ಈ ಅವಧಿಯೊಳಗೇ ಹುಟ್ಟಿದವಾಗಿರಬೇಕು. ೧೯೫೦ರ ದಶಕದ ನಡುವಿನಿಂದ ಈಚಿನ ಕಟ್ಟಿಗೆಯ ಕಾಲವನ್ನು ಮಾತ್ರ ಬಲು ನಿಖರವಾಗಿ ಹೇಳಬಹುದು. ಕಾರಣವನ್ನು ಕೇಳಿದರೆ ನಗುವುದೋ ಅಳುವುದೋ ತಿಳಿಯದು: ೧೯೬೩ರ ಒಪ್ಪಂದದವರೆಗೆ ಬಲಿಷ್ಠ ರಾಷ್ಟ್ರಗಳು ಬಯಲಿನಲ್ಲಿ ಸಿಡಿಸಿದ ಪರಮಾಣು ಬಾಂಬುಗಳು ಗಾಳಿಯಲ್ಲಿನ ಈ ಇಂಗಾಲವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದವು. ನಿಂಬರ್ಗಾದ ಬೇವಿನ ಒಡಲಲ್ಲಿಯೂ ಆ ಸಿಡಿತದ ಗುರುತು ಸೇರಿದೆ.

ಹಗ್ಗ, ಕೋಲು, ನೆರಳು

ಹೀಗಿರಲು ಪ್ರಯೋಗಾಲಯವಿಲ್ಲದ ಊರಿನ ವಿದ್ಯಾರ್ಥಿ ಮಾಡಬಹುದಾದುದೇನು? ಮಾಡಬಹುದಾದುದು ಬೇಕಾದಷ್ಟಿದೆ. ನೆಲದಿಂದ ೧.೩೭ ಮೀಟರ್ ಎತ್ತರದಲ್ಲಿ ಕಾಂಡದ ಸುತ್ತ ಹಿಗ್ಗದ ಹಗ್ಗವನ್ನು ಸುತ್ತಿ, ಅದರ ಉದ್ದವನ್ನು ಅಳೆದರೆ ಸುತ್ತಳತೆ ಸಿಕ್ಕಿತು. ಅರಣ್ಯಶಾಸ್ತ್ರದಲ್ಲಿ ಒಪ್ಪಿಕೊಂಡ ಎತ್ತರ ಇದು. ಎಲ್ಲರೂ ಒಂದೇ ಎತ್ತರದಲ್ಲಿ ಅಳೆದರೆ ಮಾತ್ರ ಹೋಲಿಕೆ ಸಾಧ್ಯ. ಮರದ ಎತ್ತರಕ್ಕೆ ಒಂದು ಮೀಟರ್ ಉದ್ದದ ಕೋಲನ್ನು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿರಿ. ಅದರ ನೆರಳು ೮೦ ಸೆಂಟಿಮೀಟರ್, ಅದೇ ಹೊತ್ತಿನಲ್ಲಿ ಸಮತಲ ನೆಲದ ಮೇಲೆ ಮರದ ನೆರಳು ೧೨ ಮೀಟರ್ ಆಗಿದ್ದರೆ, ಮರದ ಎತ್ತರ ೧೫ ಮೀಟರ್. ಸಮರೂಪ ತ್ರಿಭುಜಗಳ ಪ್ರಮೇಯವನ್ನು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಬೇರೊಂದಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಹತ್ತು ಹನ್ನೆರಡು ವಿದ್ಯಾರ್ಥಿಗಳೊಡನೆ ನಿಂಬರ್ಗಾದಿಂದ ಗಡಿಯ ಕಡೆಗೆ ಹೋಗುವ ಒಂದು ದಾರಿಯಲ್ಲಿ ಹೀಗೆ ಅಳೆಯುತ್ತ ನಡೆದಿದ್ದೆವು. ದಾರಿಯ ಅಂಚಿನ ದೊಡ್ಡ ಹುಣಸೆಯೊಂದಕ್ಕೆ ಹಗ್ಗ ಸುತ್ತುತ್ತಿರುವಾಗ, ಕುರಿಗಳನ್ನು ನೆರಳಿಗೆ ಬಿಟ್ಟು ಕುಳಿತಿದ್ದ ಹಿರಿಯರೊಬ್ಬರು ನಗುತ್ತ, “ಏನ್ರೀ ಸರ್, ಗಿಡಕ್ಕ ಅಂಗಿ ಹೊಲಿಸ್ತೀರೇನ್ರೀ?” ಎಂದರು. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ‘ಗಿಡ’ವೇ. “ಈ ಗಿಡಕ್ಕ ಎಷ್ಟು ವರ್ಷ ಆಗಿರಬೇಕು, ಮುತ್ಯಾ?” ಎಂದು ಒಬ್ಬ ಹುಡುಗಿ ಕೇಳಿದಳು. “ನಮ್ಮ ಮುತ್ಯಾ ಸಣ್ಣಾಂವ ಇದ್ದಾಗೂ ಇದು ದೊಡ್ಡ ಗಿಡಾನೇ ಇತ್ತಂತ ನೋಡವಾ” ಎಂದರು ಅವರು.

ವಿದ್ಯಾರ್ಥಿಗಳು ಈ ಮಾತನ್ನು ಬರೆದುಕೊಳ್ಳದೆ ಬಿಡುವವರಿದ್ದರು; ಬರೆದುಕೊಳ್ಳಿರೆಂದು ನಾವು ಹೇಳಿದೆವು. ಇದು ಕಟ್ಟುಕಥೆಯಲ್ಲ, ಸಾಕ್ಷ್ಯ. ಹಿರಿಯರಿಗೆ ಎಂಬತ್ತರ ಸುಮಾರು; ಅವರ ಅಜ್ಜನ ಬಾಲ್ಯವೆಂದರೆ ಇನ್ನೂ ಐವತ್ತು ವರ್ಷ ಹಿಂದಿನ ಮಾತಾದರೂ ಆಗಬೇಕು. ಅಂದರೆ ನೂರಮೂವತ್ತು ವರ್ಷಗಳ ಹಿಂದೆಯೇ ಆ ಮರ ದೊಡ್ಡದಾಗಿತ್ತು. ಇದು ವಯಸ್ಸಲ್ಲ, ವಯಸ್ಸಿನ ಕೆಳಗಿನ ಮಿತಿ. ಮಿತಿಯನ್ನು ಹೇಳಬಲ್ಲ ಮಾತು ವಿಜ್ಞಾನಕ್ಕೆ ಬೇಕಾದ ಮಾತೇ. ಆ ದಿನ ಹಗ್ಗ ತೋರಿಸಿದ ಸುತ್ತಳತೆ ೪ ಮೀಟರ್ ೧೨ ಸೆಂಟಿಮೀಟರ್.

ಒಂದು ಸಂಖ್ಯೆ ಮೂಕ, ಎರಡು ಸಂಖ್ಯೆ ವಾಚಾಳಿ

ಈಗ ಸ್ವಲ್ಪ ಗಣಿತ ನೋಡೋಣ. ಒಂದು ಮರದ ಸುತ್ತಳತೆ ಈ ವರ್ಷ ೪.೪೦ ಮೀಟರ್ ಇದ್ದು, ಐದು ವರ್ಷಗಳ ಅನಂತರ ೪.೫೦ ಮೀಟರ್ ಆಯಿತೆನ್ನೋಣ. ಬೆಳವಣಿಗೆ ವರ್ಷಕ್ಕೆ ೨ ಸೆಂಟಿಮೀಟರ್. ಎಂದೆಂದೂ ಇದೇ ವೇಗದಲ್ಲಿ ಬೆಳೆದಿದ್ದರೆ ಅದರ ವಯಸ್ಸು ೨೨೫ ವರ್ಷ. ಮರಗಳು ಸಾಮಾನ್ಯವಾಗಿ ಎಳೆಯ ಪ್ರಾಯದಲ್ಲಿ ಬೇಗ ದಪ್ಪವಾಗುವುದರಿಂದ ನಿಜವಾದ ವಯಸ್ಸು ಇದಕ್ಕಿಂತ ಕಡಿಮೆಯಿದ್ದೀತು. ಹೀಗೆ ಹಿರಿಯರ ನೆನಪು ಕೆಳಗಿನ ಮಿತಿಯನ್ನೂ ಹಗ್ಗದ ಲೆಕ್ಕ ಮೇಲಿನ ಮಿತಿಯನ್ನೂ ಕೊಡುತ್ತವೆ.

ಆದರೆ ಹಗ್ಗ ಹಿಡಿದ ಕೈ ತಪ್ಪುತ್ತದೆ. ಪ್ರತಿಸಲವೂ ಒಂದೇ ಸೆಂಟಿಮೀಟರಿನಷ್ಟು ಹೆಚ್ಚುಕಡಿಮೆಯಾದರೆ, ಎರಡು ಅಳತೆಗಳ ನಡುವಣ ೧೦ ಸೆಂಟಿಮೀಟರಿನ ಅಂತರ ೮ ಆದೀತು, ಇಲ್ಲವೇ ೧೨ ಆದೀತು. ಆಗ ಲೆಕ್ಕಕ್ಕೆ ಬರುವ ವಯಸ್ಸು ೨೮೦ ಆಗಬಹುದು, ಇಲ್ಲವೇ ೧೯೦ಕ್ಕೂ ಕೆಳಗಿಳಿಯಬಹುದು. ಐದು ವರ್ಷಗಳ ಬದಲು ಐವತ್ತು ವರ್ಷಗಳ ಅಂತರದಲ್ಲಿ ಅಳೆದಿದ್ದರೆ? ಬೆಳವಣಿಗೆ ಸುಮಾರು ೧೦೦ ಸೆಂಟಿಮೀಟರ್. ತಪ್ಪು ಮಾತ್ರ ಅದೇ ೨ ಸೆಂಟಿಮೀಟರ್. ಆಗ ಬೆಳವಣಿಗೆಯ ವೇಗದಲ್ಲಿ ನೂರಕ್ಕೆ ಇಪ್ಪತ್ತರಷ್ಟಿದ್ದ ಅನಿಶ್ಚಯ ನೂರಕ್ಕೆ ಎರಡಕ್ಕೆ ಇಳಿಯುತ್ತದೆ. ಅದೇ ಹಗ್ಗ, ಅದೇ ಕೈ. ನಿಖರತೆ ಮಾತ್ರ ಹತ್ತುಪಟ್ಟು.

ನಮ್ಮ ಅಭಿಪ್ರಾಯದ ತಿರುಳು ಇಲ್ಲಿದೆ. ಈ ಪ್ರಯೋಗಕ್ಕೆ ಬೇಕಾಗಿರುವುದು ಬೆಲೆಯುಳ್ಳ ಉಪಕರಣವಲ್ಲ, ದೀರ್ಘಕಾಲ. ಅಧ್ಯಾಪಕನಿಗೆ ವರ್ಗವಾಗುತ್ತದೆ, ವಿದ್ಯಾರ್ಥಿ ಓದು ಮುಗಿಸಿ ಪುಣೆಗೋ ಬೆಂಗಳೂರಿಗೋ ಹೋಗುತ್ತಾನೆ. ಐವತ್ತು ವರ್ಷ ಒಂದೇ ಸ್ಥಳದಲ್ಲಿ ನಿಂತಿರುವುದು ಊರಿನ ಶಾಲೆಯೊಂದೇ. ಆದುದರಿಂದ ಮರಗಳ ಪುಸ್ತಕ ಶಾಲೆಯ ಕಪಾಟಿನಲ್ಲಿ, ಹಾಜರಿ ಪುಸ್ತಕದ ಪಕ್ಕದಲ್ಲಿ ಇರಬೇಕು.

ನಾವು ಹೀಗೆ ಮಾಡಲಿಲ್ಲ. ಅಂದು ಬರೆದುಕೊಂಡ ಬಿಡಿಹಾಳೆಗಳನ್ನು ನಮ್ಮ ಮೇಜಿನ ಖಾನೆಯೊಳಗಿಟ್ಟು ಮರೆತೆವು. ಮೂರು ವರ್ಷಗಳ ಮೇಲೆ ಎರಡನೆಯ ಅಳತೆಗೆಂದು ಹೊಸ ವಿದ್ಯಾರ್ಥಿಗಳೊಡನೆ ಅದೇ ದಾರಿಯಲ್ಲಿ ಹೋದಾಗ ಹುಣಸೆಯಿದ್ದಲ್ಲಿ ಅಗಲವಾದ ಡಾಂಬರು ರಸ್ತೆಯ ಅಂಚಿತ್ತು. ಕುರಿ ಕಾಯುವ ಹಿರಿಯರು ಬಿಸಿಲಿನಲ್ಲಿ ತಲೆಗೆ ಟವೆಲು ಹೊದ್ದು ನಿಂತಿದ್ದರು. ನಮ್ಮ ಗುರುತು ಹಿಡಿದರು. “ಅಂಗಿ ಹೊಲಿಯೂದ್ರೊಳಗ ಗಿಡಾನೇ ಹೋತಲ್ರೀ ಸರ್” ಎಂದಷ್ಟೇ ಹೇಳಿದರು. ನಮ್ಮ ಬಳಿಯಿರುವ ೪ ಮೀಟರ್ ೧೨ ಸೆಂಟಿಮೀಟರ್ ಎಂಬ ಸಂಖ್ಯೆಗೆ ಇನ್ನು ಜೊತೆಗಾರನಿಲ್ಲ. ಅದು ಎಂದೆಂದಿಗೂ ಮೂಕ.

ರಸ್ತೆ ಬೇಡವೇ?

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ರಸ್ತೆ ಬೇಡವೇ? ಬೇಕು. ಗಡಿಯ ಹಳ್ಳಿಯ ಗರ್ಭಿಣಿ ಹೊತ್ತಿಗೆ ಸರಿಯಾಗಿ ಕಲಬುರ್ಗಿಯ ಆಸ್ಪತ್ರೆಯನ್ನು ಸೇರಬೇಕಾದರೆ, ರೈತನ ತೊಗರಿ ಪೇಟೆಗೆ ತಲಪಬೇಕಾದರೆ ಒಳ್ಳೆಯ ರಸ್ತೆ ಬೇಕೇಬೇಕು. ಆ ಅನುಕೂಲ ಬಹುಕಾಲ ದೊರೆಯದ ಸೀಮೆ ನಮ್ಮದು. ಮರವನ್ನು ಉಳಿಸಲೆಂದು ಮನುಷ್ಯರನ್ನು ಕೆಸರಿನಲ್ಲಿ ನಿಲ್ಲಿಸಿರೆಂದು ಹೇಳುವವರ ಪಕ್ಷ ನಮ್ಮದಲ್ಲ. ಆದರೆ ರಸ್ತೆಯ ರೇಖೆಯನ್ನು ಎಳೆಯುವವರ ಮುಂದೆ ಮರದ ಚರಿತ್ರೆ ಇದ್ದರೆ ರೇಖೆ ನಾಲ್ಕು ಮೀಟರ್ ಅತ್ತಿತ್ತ ಸರಿಯಬಹುದು. ಸರಿಯದಿದ್ದರೂ, ಕಡಿಯುತ್ತಿರುವುದು ಏನೆಂಬುದನ್ನು ತಿಳಿದು ಕಡಿದಂತಾಯಿತು. ದಾಖಲೆಯಿಲ್ಲದ ಮರ ಅಂದಾಜುಪಟ್ಟಿಯಲ್ಲಿ ಬರಿಯ ಸೌದೆ.

ಕಾನೂನಿಲ್ಲವೇ ಎಂದರೆ, ಇದೆ. ಕರ್ನಾಟಕದಲ್ಲಿ ೧೯೭೬ರ ವೃಕ್ಷ ಸಂರಕ್ಷಣಾ ಅಧಿನಿಯಮವಿದೆ. ಮಹಾರಾಷ್ಟ್ರದಲ್ಲಿ ಮರ ಕಡಿಯುವುದನ್ನು ನಿಯಂತ್ರಿಸುವ ೧೯೬೪ರ ಕಾನೂನಿದೆ. ೨೦೨೧ರಲ್ಲಿ ಮಹಾರಾಷ್ಟ್ರವು ನಗರಪ್ರದೇಶಗಳ ಮರಗಳ ಕಾನೂನನ್ನು ತಿದ್ದಿ, ಐವತ್ತು ವರ್ಷ ದಾಟಿದ ಮರಗಳಿಗೆ ಪಾರಂಪರಿಕ ವೃಕ್ಷಗಳೆಂಬ ಸ್ಥಾನವನ್ನು ಕೊಟ್ಟಿತು. ಉದ್ದೇಶ ಶ್ಲಾಘ್ಯವಾದುದು. ಆದರೆ ರಕ್ಷಣೆ ವಯಸ್ಸನ್ನು ಅವಲಂಬಿಸಿದಾಗ ವಯಸ್ಸನ್ನು ರುಜುವಾತು ಮಾಡಬೇಕಾಗುತ್ತದೆ. ಅದು ಎಷ್ಟು ಕಷ್ಟವೆಂಬುದನ್ನು ಆಗಲೇ ಕಂಡೆವು. ಕಾನೂನಿಗೆ ಬೇಕಾದ ಸಂಖ್ಯೆಯನ್ನು ಕಾನೂನೇ ಹುಟ್ಟಿಸಲಾರದು. ಅದನ್ನು ಹಗ್ಗ ಹಿಡಿದವರೇ ಕೊಡಬೇಕು.

ಭಕ್ತಿಯೊಂದೇ ಸಾಲದೆಂಬುದೂ ನಿಜ. ಕಟ್ಟೆ ಕಟ್ಟಿಸಿಕೊಂಡ ಅರಳಿಗೆ ದೇವರ ಕಾವಲಿದೆ. ದಾರಿಬದಿಯ ಹುಣಸೆಗೆ, ಹೊಲದ ಬದುವಿನ ಬೇವಿಗೆ ಅಂಥ ಕಾವಲಿಲ್ಲ. ಅವುಗಳಿಗೆ ಪುಸ್ತಕವೇ ಕಟ್ಟೆಯಾಗಬೇಕು.

ಮಾಡತಕ್ಕದ್ದೇನು?

ಹಳೆಯ ಮರಗಳಿಗೆ ರಾಜಮನ್ನಣೆ ದೊರೆತ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. ದೇವನಹಳ್ಳಿಯ ಬಳಿ ನಲ್ಲೂರಿನ ಹುಣಸೆಯ ತೋಪನ್ನು ೨೦೦೭ರಲ್ಲಿ ದೇಶದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಅದಕ್ಕೆ ಆಧಾರವಾದ ೨೦೦೨ರ ಜೀವವೈವಿಧ್ಯ ಅಧಿನಿಯಮವೇ, ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಜನರೇ ಬರೆದ ಜೀವವೈವಿಧ್ಯ ದಾಖಲೆಯಿರಬೇಕು ಎಂದು ಹೇಳುತ್ತದೆ. ಶಾಲೆಯ ಮರಪುಸ್ತಕದ ಒಂದು ಪ್ರತಿ ಆ ದಾಖಲೆಯನ್ನು ಸೇರಿದರೆ, ವಿದ್ಯಾರ್ಥಿಯ ಬರಹಕ್ಕೆ ಸರ್ಕಾರದ ಕಡತದಲ್ಲಿ ಸ್ಥಾನ ಸಿಕ್ಕಂತಾಯಿತು. ೨೦೦೯ರಿಂದ ಆಳಂದ ತಾಲ್ಲೂಕಿಗೆ ಒಂದು ಕೇಂದ್ರೀಯ ವಿಶ್ವವಿದ್ಯಾಲಯವೂ ದೊರೆತಿದೆ. ಅದರ ನೆಲೆ ಕಡಗಂಚಿ. ಹಳ್ಳಿಯ ಶಾಲೆಗಳ ಪುಸ್ತಕಗಳನ್ನು ಒಂದೆಡೆ ಕೂಡಿಡಲು ಅದಕ್ಕಿಂತ ಹತ್ತಿರದ ಭಂಡಾರ ಬೇಕೆ?

ಪುಸ್ತಕದಲ್ಲಿ ಬರೆಯಬೇಕಾದುದು ಹೆಚ್ಚಿಲ್ಲ: ಮರದ ಜಾತಿ, ಅದ�� ಊರಿನ ಹೆಸರು, ನಿಂತ ಸ್ಥಳದ ಅಕ್ಷಾಂಶ ರೇಖಾಂಶಗಳು (ಇವನ್ನು ಇಂದು ಕೈಯೊಳಗಿನ ದೂರವಾಣಿಯೇ ತೋರಿಸುತ್ತದೆ), ಸುತ್ತಳತೆ, ಎತ್ತರ, ನೆರಳಿನ ಹರವು, ಹಿರಿಯರ ಹೇಳಿಕೆ, ಅಳೆದ ದಿನ, ಅಳೆದವರ ಹೆಸರು. ಮರ ಬಿದ್ದರೆ ಬಿದ್ದ ದಿನ ಮತ್ತು ಕಾರಣ.

ಯಾವ ದಿನ ಅಳೆಯುವುದು? ಪ್ರತಿ ವರ್ಷವೂ ಒಂದೇ ಋತುವಿನಲ್ಲಿ ಅಳೆಯಬೇಕು. ತೇವ ಹೆಚ್ಚಿದಾಗ ಕಾಂಡ ತುಸು ಉಬ್ಬುತ್ತದೆ, ಬರಗಾಲದಲ್ಲಿ ಕುಗ್ಗುತ್ತದೆ. ನಮ್ಮ ಸೀಮೆಯಲ್ಲಿ ಅದಕ್ಕೆ ತಕ್ಕ ದಿನವೊಂದು ಸಿದ್ಧವಾಗಿಯೇ ಇದೆ. ಅದು ಎಳ್ಳ ಅಮಾವಾಸ್ಯೆ. ಮಳೆ ನಿಂತು, ಜೋಳ ಕಡಲೆಗಳು ಹೊಲ ತುಂಬಿರುವ ಆ ದಿನ ಮನೆಮಂದಿಯೆಲ್ಲ ಸಜ್ಜೆಯ ರೊಟ್ಟಿ, ಭಜ್ಜಿಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಮರದ ನೆರಳಿನಲ್ಲಿ ಕುಳಿತು ಉಣ್ಣುತ್ತಾರೆ. ಗಡಿಯಾಚೆಯ ಲಾತೂರು, ಧಾರಾಶಿವದ ರೈತರೂ ಅದೇ ದಿನ ಅದೇ ಹಬ್ಬವನ್ನು ‘ವೇಳ ಅಮಾವಾಸ್ಯೆ’ಯೆಂದು ಆಚರಿಸುತ್ತಾರೆ. ಊಟದ ಬುತ್ತಿಯ ಜೊತೆಗೆ ಒಂದು ಹಗ್ಗವೂ ಒಂದು ಕೋಲೂ ಹೋಗಲಿ. ಈಚೆಯ ಶಾಲೆ ಕನ್ನಡದಲ್ಲಿ ಬರೆಯಲಿ, ಆಚೆಯ ಶಾಲೆ ಮರಾಠಿಯಲ್ಲಿ ಬರೆಯಲಿ. ಸೆಂಟಿಮೀಟರಿಗೆ ಎರಡೂ ಕಡೆ ಒಂದೇ ಅರ್ಥ. ಎಲ್ಲೆಯನ್ನು ಗುರುತಿಸಲು ನಿಂತ ಮರವನ್ನೇ ಎರಡು ಊರಿನ ಮಕ್ಕಳು ಎರಡು ಬದಿಯಿಂದ ಅಪ್ಪಿ ಹಗ್ಗದ ತುದಿಗಳನ್ನು ಕೂಡಿಸುವುದು ನೋಡತಕ್ಕ ದೃಶ್ಯವಾದೀತು.

ವಿದ್ಯಾರ್ಥಿಮಿತ್ರರೇ, ನೀವು ಇಂದು ಬರೆಯುವ ಮೊದಲನೆಯ ಸಂಖ್ಯೆಯಿಂದ ನಿಮಗೆ ತಿಳಿಯುವುದು ಬಹಳ ಸ್ವಲ್ಪ. ಅದರ ಬೆಲೆಯನ್ನು ಅರಿಯುವವರು ಐವತ್ತು ವರ್ಷಗಳ ಮೇಲೆ ಅದೇ ಬೆಂಚಿನ ಮೇಲೆ ಕುಳಿತುಕೊಳ್ಳುವ, ಇನ್ನೂ ಹುಟ್ಟದ ಹುಡುಗ ಹುಡುಗಿಯರು. ಅವರು ಪುಸ್ತಕವನ್ನು ತೆರೆದಾಗ ಮರವೂ ನಿಂತಿರಲಿ, ಸಂಖ್ಯೆಯೂ ಉಳಿದಿರಲಿ. ನಮ್ಮ ಮೇಜಿನ ಖಾನೆಯಲ್ಲಿದ್ದ ಬಿಡಿಹಾಳೆಗಳನ್ನು ನಾವು ಈಗ ಒಂದು ಗಟ್ಟಿ ರಟ್ಟಿನ ಪುಸ್ತಕಕ್ಕೆ ಇಳಿಸಿ ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಿದ್ದೇವೆ. ಮೊದಲ ಪುಟದಲ್ಲಿ ಇಲ್ಲದ ಆ ಹುಣಸೆಯ ಹೆಸರಿದೆ. ಎರಡನೆಯ ಪುಟದಿಂದ ಮುಂದೆ, ಇರುವ ಮರಗಳಿಗೆ ಸ್ಥಳ ಬಿಟ್ಟಿದ್ದೇವೆ.